ನೀಲಕ್ಕನ ಎಸಿ ಸಂತಿ

ಇಳಕಲ್ಲಿನಲ್ಲಿ ರಿಯಾಯಿತಿ ದರದ ಆ ದೊಡ್ಡ ಅಂಗಡಿ ಶುರುವಾದಾಗ, ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದವರು ಊರಿಗೆಲ್ಲ ನೀಲಕ್ಕ ಒಬ್ಬರೇ. ಬಾಗಿಲು ಕಾಯುವವನು ಗಾಬರಿಯಾದ. "ಅವ್ವಾರ, ಚಪ್ಪಲ್ ಬಿಡೂದು ಬ್ಯಾಡ್ರಿ, ಹಾಕ್ಕೊಂಡ ಬರ್ರಿ," ಎಂದ. "ನಿನಗ ಬ್ಯಾಡ ಇರಬೌದು ತಮ್ಮಾ, ಒಳಗ ಕುಂತ ಜ್ವಾಳಕ್ಕ ಬೇಕು," ಎಂದು ನೀಲಕ್ಕ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ಬಾಗಿಲಿಗೆ ಹೊಸ್ತಿಲೇ ಇರಲಿಲ್ಲ, ಇದ್ದದ್ದು ಒಂದು ಸ್ಟೀಲ್ ಪಟ್ಟಿ. ಅದು ತಮ್ಮ ಪಾಲಿಗೆ ಹೊಸ್ತಿಲು ಎಂದು ಅವರು ತೀರ್ಮಾನ ಮಾಡಿದ ಮೇಲೆ ಅದು ಹೊಸ್ತಿಲೇ ಸೈ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಣ್ಣನೆಯ ಟೈಲ್ಸಿನ ಮೇಲೆ ಬರಿಗಾಲಲ್ಲಿ ಟ್ರಾಲಿ ತಳ್ಳಿಕೊಂಡು ಹೊರಟ ಅವರ ಹಿಂದೆ ನಾನು ಚಪ್ಪಲಿ ಹಾಕಿಕೊಂಡೇ ತಲೆ ತಗ್ಗಿಸಿ ನಡೆದೆ. ಯಾರಾದರೂ ಪರಿಚಯದವರು ನೋಡಿದರೆ ಏನು ಗತಿ ಎಂಬುದೇ ನನ್ನ ಚಿಂತೆ.

ನೀಲಕ್ಕ ನಮ್ಮ ಪಕ್ಕದ ಮನೆಯವರು. ತುಂಬಿದ ಮನೆ. ಇಬ್ಬರು ಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಕ್ಕಳು, ಹಿಂದಿನ ಶೆಡ್ಡಿನಲ್ಲಿ ಇಡೀ ದಿನ ಬಡಿದುಕೊಳ್ಳುವ ಪವರ್‌ಲೂಮ್. ಮಗ್ಗದ ಯಜಮಾನಿಕೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟರೂ ಅಡುಗೆಮನೆಗೆ ಸಾಮಾನು ತರುವ ಯಜಮಾನಿಕೆಯನ್ನು ಮಾತ್ರ ಅವರು ಯಾರಿಗೂ ಬಿಟ್ಟವರಲ್ಲ. ನಾನು ಹುನಗುಂದದ ಕಚೇರಿಗೆ ವಾರವಿಡೀ ಬಸ್ಸಿನಲ್ಲಿ ಹೋಗಿಬರುವವಳು. ರವಿವಾರ ಒಂದು ದಿನವಾದರೂ ತಡವಾಗಿ ಏಳೋಣವೆಂದರೆ ಕಾಂಪೌಂಡಿನಾಚೆಯಿಂದ ದನಿ ಬರುತ್ತಿತ್ತು: "ಶೈಲಾ, ಎಸಿ ಸಂತಿಗೆ ಹೊಂಡೂಣೇನ?" ಎಸಿ ಸಂತಿ ಎಂಬುದು ಆ ಅಂಗಡಿಗೆ ಅವರಿಟ್ಟ ಹೆಸರು, ಕೇಳಿದ್ದು ಪ್ರಶ್ನೆಯಲ್ಲ. ಅವರು ಆಗಲೇ ನನ್ನ ಸ್ಕೂಟಿಯ ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದರು.

ಅವರ ಸಂತೆ ನೋಡುವಂಥದ್ದು. ತೊಗರಿಬೇಳೆಯ ಪಾಕೀಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು, ಗೋಧಿಹಿಟ್ಟಿನ ಚೀಲವನ್ನು ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟುವರು, ಮೆಣಸಿನಕಾಯಿ ಇರುವ ಕಡೆ ಹೋಗಿ ಬೇಕೆಂದೇ ಒಂದು ಸೀನು ಸೀನಿ "ಹಾಂ, ಖಾರ ಖರೆ ಐತಿ," ಎನ್ನುವರು. ಒಂದು ಕೊಂಡರೆ ಒಂದು ಉಚಿತ ಎಂಬ ಚೀಟಿ ಕಂಡು ನಾನು ಸಾಬೂನಿನ ಕಟ್ಟಿಗೆ ಕೈ ಹಾಕಿದರೆ ಸಾಕು, "ಪುಕ್ಕಟ ಸಿಕ್ಕರ ನನಗೂ ಇರಲಿ, ನಮ್ಮಪ್ಪಗೂ ಇರಲಿ," ಎಂದು ನಾಲ್ಕು ಜನ ತಿರುಗಿ ನೋಡುವ ಹಾಗೆ ಹೇಳುವರು. ನನಗೆ ಸಿಟ್ಟು ಬರುತ್ತಿತ್ತು. ಆದರೂ ಮನೆಗೆ ಬಂದು ನೋಡಿದರೆ ನನ್ನ ಚೀಲದಲ್ಲಿ ಬೇಡದ್ದು ಒಂದೂ ಇರುತ್ತಿರಲಿಲ್ಲ.

ಇಷ್ಟು ಬಾಯಿಯ ನೀಲಕ್ಕ ಒಂದು ಮಾತನ್ನು ಮಾತ್ರ ಎಂದೂ ಆಡುತ್ತಿರಲಿಲ್ಲ. ಮನೆಯಲ್ಲಿ ಸಾಮಾನು ಮುಗಿದರೆ ಮುಗಿಯಿತು ಎನ್ನುವಂತಿಲ್ಲ, ಇಲ್ಲ ಎನ್ನುವಂತಿಲ್ಲ. ಹೆಚ್ಚಾಗೈತಿ ಎನ್ನಬೇಕು. ಅಕ್ಕಿ ಡಬ್ಬಿಯ ತಳ ಕಂಡರೆ "ಅಕ್ಕಿ ಹೆಚ್ಚಾಗ್ಯಾವ." ಎಣ್ಣೆ ಬರಿದಾದರೆ "ಎಣ್ಣಿ ಹೆಚ್ಚಾಗೈತಿ." ನಮ್ಮ ಕಡೆಯ ಹಳೆಯ ಹೆಂಗಸರೆಲ್ಲ ಹೀಗೆ ಹೇಳುವವರೇ. ಕುಂಕುಮ ಮುಗಿದರೂ ಹೆಚ್ಚಿತು, ಬಳೆ ಒಡೆದರೂ ಹೆಚ್ಚಿತು. ಆದರೆ ಉಳಿದವರು ನೆನಪಾದಾಗ ಹೇಳುತ್ತಾರೆ, ನೀಲಕ್ಕ ಅದನ್ನು ಕಾಯಿದೆ ಮಾಡಿದ್ದರು. ಯಾಕೆಂದು ಕೇಳಿದ್ದಕ್ಕೆ, "ಡಬ್ಬಿಗೂ ಕಿವಿ ಇರ್ತಾವ ತಂಗಿ. ಇಲ್ಲ ಇಲ್ಲ ಅಂತ ದಿನಾ ಕೇಳಿದರ ಅದೂ ಹೂಂ ಅಂತೈತಿ," ಎಂದಿದ್ದರು.

ಈ ಕಾಯಿದೆಯನ್ನು ಅವರು ಅಂಗಡಿಗೂ ತಂದರು. ಬೆಲ್ಲ, ಶೇಂಗಾ, ಪುಟಾಣಿ ಎಂದರೆ ಹುರಿಗಡಲೆ, ಇವನ್ನೆಲ್ಲ ತೂಗಿಕೊಡುವ ಕಟ್ಟೆಯಲ್ಲಿ ರೇಣುಕಾ ಎಂಬಾಕೆ ಇದ್ದಳು. ಮನೆಯ ಮಗ್ಗ ನಿಂತ ಮೇಲೆ ಈ ಕೆಲಸದ ಮೇಲೆಯೇ ಅವಳ ಸಂಸಾರ ನಡೆದಿತ್ತು. ಒಮ್ಮೆ ಅವಳು ಗಿರಾಕಿಯೊಬ್ಬರಿಗೆ "ಪುಟಾಣಿ ಇಲ್ರೀ, ಮುಗದಾವು," ಎಂದದ್ದು ನೀಲಕ್ಕನ ಕಿವಿಗೆ ಬಿತ್ತು. "ಯವ್ವಾ ರೇಣುಕಾ, ಅನ್ನದ ಜಾಗಾದಾಗ ನಿಂತು ಇಲ್ಲ ಅಂತಿಯಲ್ಲ! ನಿಮ್ಮವ್ವ ಮನ್ಯಾಗ ಹಿಂಗ ಅಂತಿದ್ದಳೇನ?" ರೇಣುಕಾ ನಾಲಿಗೆ ಕಚ್ಚಿಕೊಂಡಳು. ಅವಳ ತಾಯಿಯೂ ಹೆಚ್ಚಾಗ್ಯಾವ ಎನ್ನುವವಳೇ. ಅಂದಿನಿಂದ ಆ ಕಟ್ಟೆಯಲ್ಲಿ ಏನು ಮುಗಿದರೂ ಹೆಚ್ಚಾಗತೊಡಗಿತು, ಗಿರಾಕಿಗಳೂ ತಿಳಿದುಕೊಂಡು ನಗುತ್ತ ಹೋಗುತ್ತಿದ್ದರು.

ನಾಗರ ಪಂಚಮಿ ಹತ್ತಿರ ಬಂತು. ನಮ್ಮಲ್ಲಿ ಪಂಚಮಿಯೆಂದರೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ, ಎಲ್ಲಕ್ಕೂ ಬೆಲ್ಲ ಬೇಕು. ನಾವು ಹೋದ ರವಿವಾರ ಬೆಲ್ಲದ ಕಟ್ಟೆ ಬರಿದಾಗಿತ್ತು. ಸುತ್ತ ಹೆಂಗಸರು ನಿಂತು ಒದರಾಡುತ್ತಿದ್ದರು. ರೇಣುಕಾ ಮೂಲೆಯಲ್ಲಿ ಅಂಗಡಿಯ ಏಪ್ರನ್ ಬಿಚ್ಚಿ ಮಡಚುತ್ತಿದ್ದಳು, ಕಣ್ಣು ಕೆಂಪಾಗಿದ್ದವು.

"ನಾಳಿಂದ ಬರಬ್ಯಾಡ ಅಂದಾರ್ರಿ ಅಕ್ಕಾರ," ಎಂದಳು. "ಸುಳ್ಳ ಹೇಳೀನಂತ."

ಆಗಿದ್ದು ಇಷ್ಟು. ಮ್ಯಾನೇಜರ್ ಹೊಸಬ, ಮಂಡ್ಯದ ಕಡೆಯಿಂದ ವರ್ಗವಾಗಿ ಬಂದ ಹುಡುಗ. ಬಿಡಿಯಾಗಿ ತೂಗಿ ಮಾರುವ ಸಾಮಾನಿನ ಲೆಕ್ಕ ಕಂಪ್ಯೂಟರಿನಲ್ಲಿ ಸರಿ ಕೂಡುವುದಿಲ್ಲವೆಂದು ಅವನು ಕಟ್ಟೆಯವರನ್ನೇ ಕೇಳಿ ಆರ್ಡರ್ ಕಳಿಸುತ್ತಿದ್ದ. ಬೆಲ್ಲದ್ದು ಹೇಗೆ ಎಂದು ಕೇಳಿದಾಗ ರೇಣುಕಾ ರೂಢಿಯಂತೆ "ಹೆಚ್ಚಾಗೈತ್ರಿ ಸರ್," ಎಂದಿದ್ದಳು. ಅವನು ಖುಷಿಯಾಗಿ ಬೆಲ್ಲವನ್ನು ಆರ್ಡರಿನಿಂದ ತೆಗೆದುಹಾಕಿದ್ದ.

ನೀಲಕ್ಕ ಟ್ರಾಲಿಯನ್ನು ನನ್ನ ಕೈಗೆ ಕೊಟ್ಟು, "ಆ ಮಾತ ಅನ್ನಿಸಿದಾಕಿ ನಾ. ಏಪ್ರನ್ ಹಾಕ್ಕೋ, ಬಾ ನನ್ನ ಹಿಂದ," ಎಂದು ರೇಣುಕಾಳ ಕೈ ಹಿಡಿದು ಮ್ಯಾನೇಜರನ ಕೋಣೆಗೆ ನಡೆದರು. ನಾನೂ ಟ್ರಾಲಿ ತಳ್ಳಿಕೊಂಡು ಹಿಂದೆ ಹೋದೆ.

"ತಮ್ಮಾ, ಇಕಿ ನಿನಗೇನ ಸುಳ್ಳ ಹೇಳಿದಳು?"

"ನೋಡಿ ಅಮ್ಮಾ, ಬೆಲ್ಲ ಹೆಚ್ಚಾಗಿದೆ ಅಂದ್ರು. ಅಂದ್ರೆ ಜಾಸ್ತಿ ಇದೆ ಅಂತ ತಾನೇ? ಹಬ್ಬದ ಟೈಮಲ್ಲಿ ಮೇಲಿನವರ ಹತ್ರ ನಾನು ಉಗಿಸ್ಕೋತಾ ಇದ್ದೀನಿ."

"ನಮ್ಮ ಕಡೆ ಹೆಚ್ಚಾಗೈತಿ ಅಂದರ..." ಎಂದು ಶುರು ಮಾಡಿದ ನೀಲಕ್ಕ ಅಲ್ಲಿಗೇ ನಿಂತರು. ಮುಂದಿನ ಶಬ್ದ ಅವರ ಬಾಯಿಂದ ಹೊರಡಲಿಲ್ಲ. ಒಬ್ಬಳ ಅನ್ನದ ಪ್ರಶ್ನೆ ಎದುರಿಗಿದ್ದಾಗಲೂ ಅವರಿಗೆ ಆ ಮಾತು ಬಾರದು! ನನ್ನ ಕಡೆ ತಿರುಗಿ, "ಶೈಲಾ, ನೀ ಹೇಳ," ಎಂದರು.

"ಮುಗಿದಿದೆ ಅಂತ ಅರ್ಥ, ಸರ್," ಎಂದೆ.

ಅವನಿಗೆ ಇನ್ನೂ ಸಿಟ್ಟು ಬಂತು. "ಮುಗಿದಿದ್ರೆ ಮುಗಿದಿದೆ ಅನ್ಬೇಕಪ್ಪ! ಇಲ್ಲದ್ದನ್ನ ಹೆಚ್ಚು ಅಂದ್ರೆ ಅದು ಸುಳ್ಳೇ ಅಲ್ವಾ?"

"ನೀ ಊರು ಬಿಟ್ಟ ಇಲ್ಲಿಗೆ ಬರೂ ಮುಂದ ನಿಮ್ಮವ್ವಗ ಏನಂದಿ?" ಎಂದು ಕೇಳಿದರು ನೀಲಕ್ಕ.

"ಏನಂದೆ... ಬರ್ತೀನಮ್ಮಾ ಅಂದೆ."

"ಹೊಂಟಾಂವ ನೀ. ಹೋಗ್ತೀನಿ ಅನ್ನೂದು ಬಿಟ್ಟು ಬರ್ತೀನಿ ಅಂದಿಯಲ್ಲ, ಹಡೆದಾಕಿಗೆ ಸುಳ್ಳ ಹೇಳಿದಿ?"

"ಹೋಗ್ತೀನಿ ಅನ್ಬಾರ್ದು ಅಂತ..." ಎಂದ ಹುಡುಗ ಮೆಲ್ಲಗೆ.

"ಹಾಂ! ಇಕಿನೂ ಹಂಗ ಅನಬಾರದು ಅಂತನ ಅಂದಾಳ. ನೀ ಹಂಗ ಅಂದದ್ದಕ್ಕ ನಿಮ್ಮವ್ವ ನಿನ್ನ ಮನಿ ಬಿಡಿಸ್ಯಾಳೇನ?"

ಮೊದಲು ನಕ್ಕವಳು ರೇಣುಕಾ, ಕಣ್ಣೀರು ಒರೆಸಿಕೊಳ್ಳುತ್ತಲೇ. ಆಮೇಲೆ ಅವನೂ ನಕ್ಕ. ನಗು ಬಂದ ಮೇಲೆ ಕೆಲಸದಿಂದ ತೆಗೆಯುವುದು ಕಷ್ಟ. ನೀಲಕ್ಕ ಅಷ್ಟಕ್ಕೇ ಬಿಡಲಿಲ್ಲ. "ಮಹಾಲಿಂಗಪುರದ ಬೆಲ್ಲದ ಪ್ಯಾಟಿ ನಮ್ಮ ಜಿಲ್ಲಾದಾಗ ಇಟ್ಕೊಂಡು ಬೆಲ್ಲಕ್ಕ ಅಳ್ತಿಯಲ್ಲೋ, ಫೋನ್ ಹಚ್ಚು," ಎಂದರು. ಹಾಗೆಲ್ಲ ಹೊರಗಿನಿಂದ ಕೊಳ್ಳುವ ಹಾಗಿಲ್ಲವೆಂದು ಅವನು ಬಾಗಲಕೋಟೆಯ ತಮ್ಮದೇ ಇನ್ನೊಂದು ಅಂಗಡಿಗೆ ಫೋನ್ ಮಾಡಿದ. ಮರುದಿನ ಬೆಲ್ಲ ಬಂತು. ಪಂಚಮಿಯ ದಿನ ನೀಲಕ್ಕ ಅವನಿಗೆ ಒಂದು ಡಬ್ಬಿ ಉಂಡಿ ಕಳಿಸಿದರು, ಒಯ್ದು ಕೊಟ್ಟವಳು ನಾನೇ.

ಅಲ್ಲಿಂದ ಮುಂದೆ ಯಾರು ಏನು ಹೆಚ್ಚಾಗೈತಿ ಎಂದರೂ ಆ ಹುಡುಗ ತಲೆಯೆತ್ತಿ ಒಂದೇ ಪ್ರಶ್ನೆ ಕೇಳುತ್ತಿದ್ದ: "ನಿಮ್ಮ ಹೆಚ್ಚೋ, ನಮ್ಮ ಹೆಚ್ಚೋ?" ಇಡೀ ಅಂಗಡಿಗೆ ಅದೊಂದು ಚೇಷ್ಟೆಯ ಮಾತಾಯಿತು. ನೀಲಕ್ಕ ಬೇಕೆಂದೇ ದೂರದಿಂದ ಕೂಗುವರು, "ತಮ್ಮಾ, ರವಾ ಹೆಚ್ಚಾಗೈತಿ!" ಅವನು ಅಲ್ಲಿಂದಲೇ ಕೇಳುವನು. "ನಮ್ಮದೋ ನಮ್ಮದು!" ಎಂದು ಇವರು ನಗುವರು.

ದೀಪಾವಳಿ ಮುಗಿದ ಮೇಲಿನ ಒಂದು ರವಿವಾರ ಕಾಂಪೌಂಡಿನಾಚೆಯಿಂದ ದನಿ ಬರಲಿಲ್ಲ. ನಾನೇ ಹೋಗಿ ನೋಡಿದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. "ಯಾಕೋ ಎದಿ ಭಾರ ಆಗೈತಿ, ಇವತ್ತ ನೀ ಹೋಗಿ ಬಾ. ಪುಟಾಣಿ ಹೆಚ್ಚಾಗ್ಯಾವ, ಮರೀಬ್ಯಾಡ," ಎಂದರು. ದವಾಖಾನೆಗೆ ಹೋಗೋಣವೆಂದೆ. "ಹಿರೇಮಗ ಗಾಡಿ ತರಾಕ ಹೋಗ್ಯಾನ, ನೀ ನಡಿ," ಎಂದು ಕೈಬೀಸಿದರು. ನಾನು ಪುಟಾಣಿ ತಂದು ಸ್ಕೂಟಿ ನಿಲ್ಲಿಸುವಷ್ಟರಲ್ಲಿ ಅವರ ಬಾಗಿಲಲ್ಲಿ ಜನ ಸೇರಿದ್ದರು. ಹಿಂದಿನ ಶೆಡ್ಡಿನಲ್ಲಿ ಮಗ್ಗದ ಸದ್ದು ನಿಂತಿತ್ತು. ನಾನು ಆ ಪಾಕೀಟು ಹಿಡಿದುಕೊಂಡೇ ಒಳಗೆ ಹೋಗಿ ಅತ್ತೆ.

ಕೆಲವು ವಾರ ಅಂಗಡಿಯ ಕಡೆ ಹೋಗಲು ಮನಸ್ಸಾಗಲಿಲ್ಲ. ಕೊನೆಗೆ ಹೋದೆ, ಮನೆಯಲ್ಲಿ ಎಲ್ಲವೂ ಅವರ ಮಾತಿನಲ್ಲಿ ಹೆಚ್ಚಾಗಿ ಕೂತಿತ್ತು. ಚಪ್ಪಲಿಯನ್ನು ನಾನು ಬಿಡಲಿಲ್ಲ, ಅದು ಅವರಿಗೇ ಒಪ್ಪುವ ಗತ್ತು. ರೇಣುಕಾ ನನ್ನನ್ನು ಕಂಡು ನಕ್ಕು, ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದಳು.

"ನೀಲಕ್ಕಾರು ಬರಲಿಲ್ರಿ?"

ತೀರಿಕೊಂಡರು ಎನ್ನಬೇಕು. ನಾಲಿಗೆಯ ತುದಿಯವರೆಗೆ ಬಂತು. ಆದರೆ ಆ ಕಟ್ಟೆಯ ಮುಂದೆ, ಬೆಲ್ಲ ಶೇಂಗಾಗಳ ಎದುರಿಗೆ, ಆ ಶಬ್ದ ನನ್ನ ಬಾಯಿಂದಲೂ ಹೊರಡಲಿಲ್ಲ.

"ಹೆಚ್ಚಾದರು, ರೇಣುಕಾ," ಎಂದೆ.

ಅವಳ ಕೈಯಲ್ಲಿದ್ದ ತೂಕದ ಸೌಟು ಅಲ್ಲೇ ನಿಂತಿತು. ಪಕ್ಕದ ಸಾಲಿನಲ್ಲಿ ಮ್ಯಾನೇಜರ್ ಎಣ್ಣೆಯ ಡಬ್ಬಿಗಳನ್ನು ಜೋಡಿಸುತ್ತಿದ್ದ. ಹೆಚ್ಚು ಎಂಬ ಮಾತು ಕಿವಿಗೆ ಬಿದ್ದು ರೂಢಿಯಂತೆ ನಗುತ್ತ ತಲೆಯೆತ್ತಿದ, ನನ್ನ ಮುಖ ನೋಡಿದ. ಆ ದಿನ ಅವನು ಯಾರ ಹೆಚ್ಚು ಎಂದು ಕೇಳಲಿಲ್ಲ.