ಅವ್ವನ ನಾಲಿಗೆಯ ಬಿಳಿ ಪೊರೆ

ಅವ್ವ ರೊಟ್ಟಿ ಬಿಟ್ಟಳು. ಬಿಸಿ ಜೋಳದ ರೊಟ್ಟಿ ಮುರಿದು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ನುಂಗಿದರೆ ಎದೆಯೊಳಗೆ ಉರಿ. ನಾಲಿಗೆಯ ಮೇಲೆ ಒಡೆದ ಹಾಲಿನಂಥ ಬಿಳಿ ಪೊರೆ. ತನಗೆ ಗಂಟಲಿನ ದೊಡ್ಡ ರೋಗವೇ ಬಂದಿದೆ ಎಂದು ಅವಳೇ ತೀರ್ಮಾನಿಸಿಬಿಟ್ಟಿದ್ದಳು. ದವಾಖಾನೆಗೆ ಕರೆದರೆ, "ಅದರ ಹೆಸರು ಕೇಳಾಕ ನಾ ಬರಂಗಿಲ್ಲ" ಎನ್ನುತ್ತಿದ್ದಳು.

ನಮ್ಮೂರು ಮೋರಖಂಡಿ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಮಂದಿಯ ಹೊಲದಲ್ಲಿ ಅವ್ವನ ಜೊತೆ ಕಳೆ ಕಿತ್ತು, ಕೈ ತೊಳೆದುಕೊಂಡು ಬಸವಕಲ್ಯಾಣದ ಕಾಲೇಜಿಗೆ ಬಸ್ ಹತ್ತಿದವಳು. ಈಗ ಹುಮನಾಬಾದಿನ ಒಂದು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

"ಹೆಸರು ನಾನೇ ನೋಡಿ ಹೇಳ್ತೀನಿ. ನಾಲಿಗಿ ಚಾಚು" ಎಂದೆ. ಚಾಚಿದಳು. ಪೊರೆಯನ್ನು ಕೆರೆದು ಗಾಜಿನ ಪಟ್ಟಿಗೆ ಸವರಿ ಲ್ಯಾಬಿಗೆ ತಂದೆ.

ಕಂಡದ್ದು ಮೊಗ್ಗು ಬಿಟ್ಟ ದುಂಡು ಕಣಗಳು, ನಡುವೆ ಬಳ್ಳಿಯಂತೆ ಹಬ್ಬಿದ ಎಳೆಗಳು. ಲ್ಯಾಬಿನ ಡಾಕ್ಟರು ಇಣುಕಿ, "ಶಿಲೀಂಧ್ರ. ಔಷಧ ಕೊಡೋಣ. ಅದಕ್ಕೆ ಬಗ್ಗಲಿಲ್ಲಾಂದ್ರ ಗಂಟಲಾಗ ಕ್ಯಾಮೆರಾ ಹಾಕಿ ನೋಡಬೇಕಾಗ್ತದ" ಎಂದರು.

ಆ ದುಂಡು ಕಣಗಳು ನನಗೆ ಹೊಸವಲ್ಲ. ಮಲ ಪರೀಕ್ಷೆಗೆ ಬರುವ ಗಟ್ಟಿಮುಟ್ಟಾದವರಲ್ಲೂ ಒಂದೆರಡು ಕಾಣುತ್ತವೆ. ಲೆಕ್ಕಕ್ಕಿಡದೆ ಮುಂದೆ ಹೋಗುತ್ತೇವೆ. ಹಾಗಿದ್ದರೆ ಅವ್ವನಲ್ಲಿ ಎಳೆ ಬಿಟ್ಟದ್ದು ಯಾಕೆ? ತಡೆಯಲಾಗಲಿಲ್ಲ. ನನ್ನದೇ ಮಲದ ಮಾದರಿಯನ್ನು ಇಟ್ಟು ನೋಡಿದೆ.

ಪಕ್ಕದ ಮೇಜಿನವಳು ನಕ್ಕಳು. "ಪೇಷಂಟ್ ಬಂದಿಲ್ಲಂತ ಮನಿಯಿಂದ ತಂದೀ ಏನು?"

ನನ್ನಲ್ಲೂ ಇದ್ದವು. ಕೆಲವೇ ಕೆಲವು, ದುಂಡಗೆ, ಎಳೆಯಿಲ್ಲದೆ, ತಮ್ಮ ಪಾಡಿಗೆ. ಡಾಕ್ಟರಿಗೆ ತೋರಿಸಿದೆ. ಬಹಳಷ್ಟು ಜನರ ಕರುಳಲ್ಲಿ ಇವು ಇರುತ್ತವಂತೆ. ದೇಹದ ಕಾವಲು ವ್ಯವಸ್ಥೆಗೆ ಇವುಗಳಿಂದ ಒಂದಷ್ಟು ತಾಲೀಮೂ ಸಿಗುತ್ತದಂತೆ. ಸುತ್ತಲಿನ ಬ್ಯಾಕ್ಟೀರಿಯಾಗಳ ಸಂದಣಿಯೇ ಇವನ್ನು ಹದ್ದುಬಸ್ತಿನಲ್ಲಿಡುತ್ತದೆ. "ಬಾಯಿಂದ ಕರುಳಿನ ತನಕ ಒಂದೇ ದಾರಿ. ಆ ಸಂದಣಿನ ಯಾರು ಓಡಿಸ್ಯಾರ, ಮೊದಲು ನಿಮ್ಮ ಅವ್ವಗ ಅದನ್ನ ಕೇಳು" ಎಂದರು.

ಭಾನುವಾರ ಊರಿಗೆ ಹೋಗಿ ಕೇಳಿದೆ. ಅವ್ವ ಎಲೆ-ಅಡಿಕೆಯ ಚಂಚಿ ಬಿಚ್ಚಿದಳು. ಅಡಿಕೆ ಹೋಳುಗಳ ಜೊತೆ ಅರ್ಧ ಮುಗಿದ ಕ್ಯಾಪ್ಸೂಲಿನ ಪಟ್ಟಿಗಳು, ನಾಲ್ಕಾರು ಬಣ್ಣದವು. ಎಲ್ಲವೂ ಬ್ಯಾಕ್ಟೀರಿಯಾ ಕೊಲ್ಲುವಂಥವೇ. ಕಳೆ ಕೀಳುವ ಹೆಂಗಸರು ಯಾರಿಗಾದರೂ ಜ್ವರ ಇಳಿದ ಮೇಲೆ ಉಳಿದದ್ದನ್ನು ಹೊಲಕ್ಕೆ ತಂದು ಎಲೆಯ ಜೊತೆಗೇ ಹಂಚಿಕೊಳ್ಳುತ್ತಾರೆ. ಮೈಕೈ ನೋವೆಂದು ಅವ್ವ ಆ ಹಂಗಾಮಿನುದ್ದಕ್ಕೂ ನುಂಗಿದ್ದಳು.

"ಎಲಿ ಇಸ್ಕೊಂಡಂಗ ಗುಳಿಗಿ ಇಸ್ಕೋತಾರೇನಬೇ?"

"ಪ್ರೀತಿಲೇ ಕೊಟ್ಟಾಗ ಒಲ್ಲೆ ಅಂದ್ರ ಬ್ಯಾಸರ ಮಾಡ್ಕೋತಾರ. ಕೊಟ್ಟಾಕಿಗಿ ಹತ್ತ್ಯಾವ, ನನಗ ಹತ್ತಂಗಿಲ್ಲೇನು?"

ಅವಳು ನುಂಗಿದ್ದು ಏನನ್ನು ಓಡಿಸಿತು, ಏನನ್ನು ಬೆಳೆಸಿತು ಎಂದು ಹೇಳಿದೆ. ಮರುದಿನ ನನ್ನ ಜೊತೆ ಹುಮನಾಬಾದಿಗೆ ಹೊರಟಳು. ಡಾಕ್ಟರು ಬಾಯಿ ನೋಡಿ, ಸಕ್ಕರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಔಷಧ ಬರೆದರು. ಅವ್ವ ಏಳಲಿಲ್ಲ. "ನನಗೂ ಒಂದೀಟು ತೋರಸ್ರಿ, ಅವು ಹ್ಯಾಂಗ ಅದಾವ."

ಸೆರಗು ಸರಿಸಿಕೊಂಡು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬಹಳ ಹೊತ್ತು ಏಳಲಿಲ್ಲ.

"ಇವು ನಿನ್ನಾಗೂ ಅದಾವೇನು?"

"ಅದಾವ."

"ಸಾಹೇಬ್ರಾಗ?"

"ನನ್ನಾಗೂ ಇರ್ತಾವ್ರಿ ಅಮ್ಮ" ಎಂದರು ಡಾಕ್ಟರು.

"ಹಂಗಾದ್ರ ದೊಡ್ಡ ರೋಗ ಅಲ್ಲ ಬಿಡು" ಎಂದಳು. ನನ್ನ ತಲೆಯಲ್ಲಿ ಮಾತ್ರ ಡಾಕ್ಟರು ಹೇಳಿದ ಕ್ಯಾಮೆರಾದ ಮಾತಿತ್ತು.

ಔಷಧ ಮುಗಿಯುವ ಹೊತ್ತಿಗೆ ಊರಿಗೆ ಹೋದೆ. ನಾಲಿಗೆ ಕೆಂಪಗಿತ್ತು. ಅವ್ವ ರೊಟ್ಟಿಯ ಅಂಚು ಮುರಿದು, ಪುಂಡಿಪಲ್ಯ ಹಚ್ಚಿ ಬಾಯಿಗಿಟ್ಟಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ನುಂಗಿದಳು. ಇನ್ನೊಂದು ತುತ್ತು ಮುರಿದಳು.

"ಏನು ಹಂಗ ನೋಡಾಕತ್ತೀ? ನೀನೂ ಉಣ್ಣು. ನಿನ್ನ ಹೊಟ್ಟ್ಯಾಗಿನವೂ ಹಸದಿರ್ತಾವ."