ಮಣ್ಣಿಗೆ ಹೊಂಟವರು ಮೊದಲು

ಆಳಂದದಿಂದ ಅಕ್ಕಲಕೋಟೆಗೆ ಹೋಗುವ ಹಾದಿಯಲ್ಲಿ, ಎರಡು ರಾಜ್ಯಗಳ ಗಡಿಗೆ ಹತ್ತಿಕೊಂಡೇ ಶಿವಕಾಂತಮ್ಮನ ಚಹಾದಂಗಡಿ ಇದೆ. ಮುಂಜಾನೆ ಹಣೆಗೆ ವಿಭೂತಿ ಹಚ್ಚಿ, ಒಲೆಗೆ ಕೈಮುಗಿದು ಕೂತಳೆಂದರೆ ಗಿರಾಕಿಯ ಮುಖ ನೋಡಿಯೇ ಕನ್ನಡವೋ ಮರಾಠಿಯೋ ಆರಿಸುತ್ತಾಳೆ. ಬೈಗುಳ ಮಾತ್ರ ಎರಡರಲ್ಲೂ ಕೊಡುತ್ತಾಳೆ. ಗಡಿ ಗಲಾಟೆ ಎದ್ದು ಬಸ್ಸುಗಳು ಅಲ್ಲೇ ನಿಂತುಬಿಟ್ಟ ದಿನ ಅವಳಿಗೆ ಹತ್ತು ಕೈಯ ಬಲ ಬರುತ್ತದೆ. ಈ ಸೀಮೆ ನಮ್ಮದೆಂದು ಆ ಕಡೆ ಕೂಗುವವರಿಗೂ ಈ ಕಡೆ ಕೂಗುವವರಿಗೂ ಒಂದೇ ಬೋಗಾಣಿಯ ಚಹಾ. "ಕುಡೀರಪ್ಪಾ, ನಿಮ್ಮ ಅಪ್ಪಂದಿರ ಕಾಲದಿಂದ ಕೂಗಾಕತ್ತೀರಿ, ಗಂಟಲ ಒಣಗಿರಬೇಕು" ಎನ್ನುತ್ತಾಳೆ. "ನೀ ಯಾರ ಕಡಿಯಾಕಿ, ಅವ್ವಾ?" ಎಂದು ಯಾವನಾದರೂ ಕೆಣಕಿದರೆ, "ಒಲಿ ಕಡಿಯಾಕಿ ಲೇ. ಸರಿ ಅತ್ತಾಗ, ಹೊಗಿ ಬರ್ತದ." ಆಮೇಲೆ ನಿಂತ ಬಸ್ಸುಗಳ ಕಿಟಕಿ ಕಿಟಕಿಗೂ ಹೋಗಿ ಕೇಳುತ್ತಾಳೆ: "ಮಣ್ಣಿಗಿ ಹೊಂಟವ್ರು ಯಾರರ ಇದ್ದೀರೇನ್ರಿ?" ಸತ್ತವರಿಗೆ ಕಡೆಯ ಹಿಡಿಮಣ್ಣು ಹಾಕಲು ಹೊರಟವರು ಸಿಕ್ಕರೆ, ಹಾದಿ ಕಟ್ಟಿ ಕೂಗುತ್ತಿದ್ದವನನ್ನೇ ಹೆಸರು ಹಿಡಿದು ಕರೆಯುತ್ತಾಳೆ. "ಜಗದೇವ, ಆಮ್ಯಾಲ ಕೂಗುವಿಯಂತ. ಮೊದ್ಲ ಇವ್ರನ್ನ ನಿನ್ನ ಗಾಡಿ ಮ್ಯಾಲ ದಾಟಿಸಿ ಬಾ." ಅವನು ಬಾವುಟವನ್ನು ಅಂಗಡಿಯ ಗೋಡೆಗೆ ಒರಗಿಸಿ ಗಾಡಿ ಹೊರಡಿಸುತ್ತಾನೆ, ಆಚೆಯವರೂ ಸುಮ್ಮನೆ ದಾರಿ ಬಿಡುತ್ತಾರೆ. ಯಾಕೆಂದು ಅಲ್ಲಿ ಯಾರಿಗೂ ಹೇಳಬೇಕಿಲ್ಲ. ಅವಳ ತವರು ಗಡಿಯಾಚೆ. ಹಿಂದೊಮ್ಮೆ ಹೀಗೇ ಬಸ್ಸು ನಿಂತ ದಿನ ತಾಯಿ ತೀರಿಕೊಂಡಿದ್ದಳು. ಹೊಲದ ಬದುಗಳ ಮೇಲೆ ನಡೆದು ಶಿವಕಾಂತಮ್ಮ ಮುಟ್ಟುವ ಹೊತ್ತಿಗೆ ತಾಯಿಯನ್ನಿಟ್ಟ ಕುಣಿ ಮುಚ್ಚಿತ್ತು. ಎರಡು ರಾಜ್ಯಗಳು ಕಾದಾಡುವ ಆ ಮಣ್ಣಿನಲ್ಲಿ ಅವಳಿಗೆ ಅಂದು ಬೇಕಿದ್ದದ್ದು ಒಂದೇ ಒಂದು ಹಿಡಿ.