ಕೀಲಿ ಕೇಳಿದವರು

ಬ್ಯಾಡಗಿಗೆ ಬಂದ ಮೂರನೆಯ ದಿನವೇ ನೋಡಿ, ನಾನು ಮುಖವನ್ನೇ ನೋಡಿರದ ಒಬ್ಬರು ಫೋನ್ ಮಾಡಿ ನನ್ನ ಕೀಲಿ ಕೇಳಿದರು.

"ನಿನ್ನ ಕೀಲಿ ಕಳಸ ತಂಗೀ, ಸರ್ವರ್‌ಗೆ ನಾನ ಹಾಕತೇನಿ."

ಕೇಳಿದವರು ರಾಣೆಬೆನ್ನೂರಿನ ನಿವೃತ್ತ ಮೇಷ್ಟ್ರು ಚನ್ನಬಸಪ್ಪನವರು. ನಾನು ಸೇರಿರುವುದು ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಕಚೇರಿಗೆ. ಯಾರ ಚೀಲ ಯಾವ ಕೋಣೆಯಲ್ಲಿದೆ ಎಂದು ನೆನಪಿಡುವ ಸರ್ವರ್ ಕಂಪ್ಯೂಟರನ್ನು ಇಷ್ಟು ವರ್ಷ ನೋಡಿಕೊಂಡವರು ಅವರೇ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಈ ಕೆಲಸ ಮಾಡುವವರಿಗೆಲ್ಲ ಸೇರಿ ಒಂದು ಜಾಲಪುಟವಿದೆ. ಕೋಡಿನ ತುಣುಕು, ಸರ್ವರನ್ನು ಭದ್ರ ಮಾಡುವ ಟಿಪ್ಪಣಿ, ಎಲ್ಲ ಅಲ್ಲಿ ಹಂಚಿಕೊಳ್ಳುತ್ತಾರೆ. ಮುಕ್ಕಾಲು ಪಾಲು ಮೇಷ್ಟ್ರು ಬರೆದದ್ದೇ.

ನಾನೋ ಹುಟ್ಟಾ ಅನುಮಾನದವಳು. ನಮ್ಮೂರು ಕೊಳ್ಳೇಗಾಲದಲ್ಲಿ ಹಾಲಿನವನಿಗೂ ಬಾಗಿಲು ಪೂರ್ತಿ ತೆಗೆದವಳಲ್ಲ. ಇಲ್ಲಿ ಗಾಳಿಯೇ ಖಾರ, ಬೀದಿಗೆ ಕಾಲಿಟ್ಟರೆ ಸೀನು. ಮನೆಯೊಡತಿ ಗಂಗವ್ವ ಕೇಳದೆಯೇ ರೊಟ್ಟಿ ತಂದುಕೊಟ್ಟರೆ, ಯಾಕೆ ಕೊಟ್ಟರೋ ಎಂದು ಯೋಚಿಸುತ್ತಲೇ ತಿನ್ನುತ್ತಿದ್ದೆ. ಅಂಥವಳ ಹತ್ತಿರ ಕೀಲಿ! ಕೀಲಿಮಣೆ ಎಂದರೆ ಕೀಬೋರ್ಡ್, ಹಾಗಾದರೆ ಕೀಲಿ ಎಂದರೆ ಕೀ. ಸರ್ವರಿನೊಳಗೆ ಹೋಗಲು ನನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಗುಟ್ಟಿನ ಫೈಲು. ಹೆತ್ತ ತಾಯಿಗೂ ಕೊಡುವಂಥದ್ದಲ್ಲ.

ಕೊಡಲಿಲ್ಲ. ಬದಲಿಗೆ ಆ ಜಾಲಪುಟದಲ್ಲೇ ಬರೆದೆ: 'ಕೀಲಿ ಕೇಳುವವರನ್ನು ನಂಬಬೇಡಿ, ಎಷ್ಟೇ ಹಿರಿಯರಿರಲಿ.' ಹೆಸರು ಹಾಕಲಿಲ್ಲ. ಆದರೆ ಹೊಸಬರ ಕೀಲಿ ಕೇಳುವವರು ಅಲ್ಲಿ ಅವರೊಬ್ಬರೇ. ಮರುದಿನ ಮೇಷ್ಟ್ರ ಟಿಪ್ಪಣಿಗಳೆಲ್ಲ ಮಾಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಲ್ಲ ಎಂದು ಒಳಗೊಳಗೇ ಬೀಗಿದೆ.

ಭಾನುವಾರ ಗಂಗವ್ವ, "ಹಳೇ ಕೀಲಿ ಜಂಗ ಹಿಡದೈತಿ, ಬಾಜಾರದಾಗ ಹೊಸಾದ ತೊಗೊಂಡ ಬರ್ರಿ" ಎಂದರು. ಅಂಗಡಿಗೆ ಹೋಗಿ ಕೀಲಿ ಕೇಳಿದೆ. ಅಂಗಡಿಯಾತ ಒಂದು ಬೀಗ ತೆಗೆದು ಮುಂದಿಟ್ಟ.

"ಇದು ಬೀಗ ಅಲ್ವಾ?"

"ಇದಕ್ಕ ಕೀಲಿ ಅಂತಾರ್ರಿ ಅಕ್ಕಾರ. ತಗಿಯೂದು ಕೀಲಿಕೈ. ನೀವು ಯಾ ಕಡೇರು?"

ಆಗ ಮೇಷ್ಟ್ರ ಮಾತು ನೆನಪಾಯಿತು. ನಮ್ಮ ಕೆಲಸದಲ್ಲಿ ಸರ್ವರಿನೊಳಗೆ ಹೋಗಲು ಬೇಕಾದ ಫೈಲುಗಳು ಎರಡು, ಜೋಡಿ. ಒಂದು ಬೀಗದಂಥದ್ದು. ಅದನ್ನು ಸರ್ವರಿಗೆ ಹಾಕಬೇಕು, ಯಾರು ನೋಡಿದರೂ ನಷ್ಟವಿಲ್ಲ. ಇನ್ನೊಂದು ಬೀಗದ ಕೈ, ನಮ್ಮಲ್ಲೇ ಇರಬೇಕು. ಮೇಷ್ಟ್ರು ಕೇಳಿದ್ದು ಬೀಗವನ್ನು. ನಾನು ಅವರನ್ನು ಊರ ಮುಂದೆ ಕಳ್ಳನನ್ನಾಗಿ ಮಾಡಿದ್ದೆ.

ಅಂಗಡಿಯಿಂದಲೇ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಮೇಷ್ಟ್ರು ಬಾಗಿಲಲ್ಲೇ ದನಿಯಿಂದ ಗುರುತು ಹಿಡಿದರು. "ಬಾ, ಕುಂದ್ರು" ಎಂದರು. ಆ ಮರ್ಯಾದೆಗೇ ನಾಚಿಕೆಯಾಯಿತು. ಎಲ್ಲ ಹೇಳಿ, "ಟಿಪ್ಪಣಿಗಳನ್ನು ಯಾಕೆ ತೆಗೆದುಬಿಟ್ರಿ ಸಾರ್?" ಎಂದು ಕೇಳಿದೆ.

"ಕಳ್ಳ ಅನಿಸ್ಕೊಂಡಾವ ಬರದದ್ದ ನೋಡಿ ಯಾರರ ತಮ್ಮ ಸರ್ವರ್ ಕಾಯ್ತಾರೇನವಾ?" ನನ್ನ ಮುಂದೆ ನೀರಿನ ಲೋಟ ಇಟ್ಟು ಅಂದರು, "ನೀ ನಂಬಲಿಲ್ಲ, ಚಲೋ ಮಾಡಿದಿ. ಕೀಲಿ ಅಂದ್ರ ಏನ್ರೀ ಅಂತ ಒಂದ ಮಾತ ಕೇಳಬೇಕಿತ್ತು, ಅಷ್ಟ."

ಅವರ ಎದುರಲ್ಲೇ ಕುಳಿತು, ನನ್ನ ಹೆಸರು ಹಾಕಿ, ತಪ್ಪು ನನ್ನದೆಂದು ಜಾಲಪುಟದಲ್ಲಿ ಬರೆದೆ. ಮನೆಗೆ ಬಂದು ನನ್ನ ಕೀಲಿಯನ್ನೂ ಕಳಿಸಿದೆ. ಮರುವಾರ ಅವರ ಟಿಪ್ಪಣಿಗಳು ಒಂದೊಂದಾಗಿ ಮರಳಿದವು, ಕೀಲಿಯದ್ದೊಂದು ಬಿಟ್ಟು. ಫೋನ್ ಮಾಡಿದರೆ, "ಅದನ್ನ ನೀನ ಬರಿ. ನಮ್ಮ ಮಂದಿಗೂ ತಿಳೀಬೇಕು, ನಿಮ್ಮ ಮಂದಿಗೂ ತಿಳೀಬೇಕು" ಎಂದರು.

ಇನ್ನೂ ಮೊದಲ ಸಾಲಿನಲ್ಲೇ ಇದ್ದೇನೆ. 'ನಿಮ್ಮ ಬೀಗ ಕಳಿಸಿ' ಎಂದು ಬರೆದರೆ ಇಲ್ಲಿಯವರು ಇವಳು ಪರಊರಿನವಳು ಎನ್ನುತ್ತಾರೆ. 'ನಿಮ್ಮ ಕೀಲಿ ಕಳಿಸಿ' ಎಂದು ಬರೆದರೆ, ಕೊಳ್ಳೇಗಾಲದವರೇ, ನೀವು ನನ್ನನ್ನು ಅನುಮಾನಿಸುತ್ತೀರಿ.